ಕೋಟು ಬೇಡ, ಕೇಕು ಬೇಕು

ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೊರಡುವ ಕ್ವೀನ್ ಮೇರಿ 2 ಹಡಗಿನಲ್ಲಿ ಸಂಜೆ ಆರು ಹೊಡೆದರೆ ಬಟ್ಟೆಯ ಕಾನೂನು ಜಾರಿಗೆ ಬರುತ್ತದೆ. ಹಗಲೆಲ್ಲ ಚಡ್ಡಿ, ಟೀ ಶರ್ಟು ಹಾಕಿಕೊಂಡು ಡೆಕ್ಕಿನ ಮೇಲೆ ಅಡ್ಡಾಡಿದವರನ್ನು ಯಾರೂ ಏನೂ ಕೇಳಿರುವುದಿಲ್ಲ. ಆರರ ನಂತರ, ಅದರಲ್ಲೂ ‘ಗಾಲಾ ಈವ್ನಿಂಗ್’ ಎಂದು ಗೊತ್ತು ಮಾಡಿದ ದಿನ, ಬ್ರಿಟಾನಿಯಾ ರೆಸ್ಟೋರೆಂಟಿನ ಬಾಗಿಲು ದಾಟಬೇಕಾದರೆ ಗಂಡಸರಿಗೆ ಕಪ್ಪು ಸೂಟು, ಟೈ. ಹೆಂಗಸರಿಗೆ ಗೌನು ಅಥವಾ ಅದಕ್ಕೆ ಸರಿಸಮನಾದ ಉಡುಗೆ. ಅಷ್ಟೆಲ್ಲ ಸಿಂಗರಿಸಿಕೊಳ್ಳಲು ಮನಸ್ಸಿಲ್ಲದವರು ಉಪವಾಸ ಬೀಳಬೇಕಿಲ್ಲ. ಕಿಂಗ್ಸ್ ಕೋರ್ಟ್ ಬಫೆ ಇದೆ, ಗೋಲ್ಡನ್ ಲಯನ್ ಪಬ್ ಇದೆ, ಕ್ಯಾರಿಂಥಿಯಾ ಲೌಂಜ್ ಇದೆ. ಸಾದಾ ಬಟ್ಟೆಯಲ್ಲೇ ಹೋಗಿ ಹೊಟ್ಟೆ ತುಂಬ ತಿನ್ನಬಹುದು. ಊಟದ ಮಟ್ಟಿಗೆ ಯಾವ ತೊಂದರೆಯೂ ಇಲ್ಲ. ಮನಸ್ಸು ಎಳೆಯುವುದು ಊಟದ ಕೊನೆಗೆ ಬರುವ ಸಿಹಿಯ ಕಡೆಗೆ. ಗಾಲಾ ರಾತ್ರಿಯ ಡೆಸರ್ಟ್ ಅಂದರೆ ಪೇಸ್ಟ್ರಿ ವಿಭಾಗದವರು ತಮ್ಮ ಕೈಚಳಕವನ್ನೆಲ್ಲ ಸುರಿದು ಮಾಡಿದ್ದು. ಅದು ಕೆಳಗಿನ ಹಾಲ್‌ನಲ್ಲಿ ಕೋಟು ಹಾಕಿದವರಿಗೆ ಮಾತ್ರವೋ, ಮೇಲೆ ಚಪ್ಪಲಿಯಲ್ಲಿ ಕೂತವರಿಗೂ ಉಂಟೋ?

ಉಂಟು, ಕೇಳುವ ಹದ ಗೊತ್ತಿದ್ದರೆ. ಆದರೆ ಎಲ್ಲ ಸಿಹಿಗೂ ಈ ಮಾತು ನಡೆಯುವುದಿಲ್ಲ.

ಏಳು ರಾತ್ರಿಯ ಕ್ರೂಸ್‌ನಲ್ಲಿ ಸಾಮಾನ್ಯವಾಗಿ ಎರಡು ಗಾಲಾ ಅಥವಾ ಫಾರ್ಮಲ್ ರಾತ್ರಿಗಳಿರುತ್ತವೆ. ಹಡಗು ಯಾವ ಬಂದರಿಗೂ ತಾಗದೆ ದಿನವಿಡೀ ನೀರಿನ ಮೇಲೇ ಇರುವ ದಿನವನ್ನು ಇದಕ್ಕೆ ಆರಿಸುತ್ತಾರೆ. ಅಲಂಕಾರಕ್ಕೆ, ಫೋಟೋಗೆ ಜನರಿಗೆ ಬಿಡುವು ಸಿಗಲಿ ಅಂತ. ಊಟ ಮುಗಿಯಲು ಒಂದೂವರೆ, ಎರಡು ಗಂಟೆ ಬೇಕು. ಸಣ್ಣ ಮಕ್ಕಳಿದ್ದವರು, ಮಂಡಿ ನೋವಿನವರು, ಎಂಟೂವರೆಗೆ ಮಾತ್ರೆ ನುಂಗಿ ಮಲಗುವವರು, ವಿಮಾನದ ತೂಕದ ಲೆಕ್ಕಕ್ಕೆ ಹೆದರಿ ಸೂಟನ್ನು ಮನೆಯಲ್ಲೇ ಬಿಟ್ಟು ಬಂದವರು ಇದನ್ನು ತಪ್ಪಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿ, ಅವನ ಒತ್ತಾಯಕ್ಕೆ ಮಯಾಮಿಯಲ್ಲೋ ಸಿಯಾಟಲ್‌ನಲ್ಲೋ ಹಡಗು ಹತ್ತುವ ನಮ್ಮ ಅಪ್ಪ ಅಮ್ಮಂದಿರಲ್ಲಿ ಈ ಎಲ್ಲ ಬಗೆಯವರೂ ಇದ್ದಾರೆ. ಅವರಿಗೆ ಇನ್ನೊಂದು ಗೊಂದಲ ಬೇರೆ. ನಮ್ಮ ಬಾಳೆ ಎಲೆ ಊಟದಲ್ಲಿ ಪಾಯಸ ಮೊದಲೇ ಎಲೆಯ ಮೂಲೆಗೆ ಬಿದ್ದಿರುತ್ತದೆ, ಹೋಳಿಗೆ ನಡುವೆ ಬರುತ್ತದೆ, ಮಜ್ಜಿಗೆ ಅನ್ನಕ್ಕೆ ಊಟ ಮುಗಿಯುತ್ತದೆ. ಸಿಹಿಗೋಸ್ಕರ ಕೊನೆಯವರೆಗೆ ಕಾಯುವ ಅಭ್ಯಾಸ ನಮಗಿಲ್ಲ. ಸೂಪು, ಸಲಾಡು, ಮೇನ್ ಕೋರ್ಸ್ ಎಲ್ಲ ದಾಟಿ, ತಟ್ಟೆ ಎತ್ತಿ, ಮೇಜಿನ ಮೇಲಿನ ಬ್ರೆಡ್ ಚೂರುಗಳನ್ನು ಬೆಳ್ಳಿಯ ಪಟ್ಟಿಯಿಂದ ಗೋರಿ ತೆಗೆದ ಮೇಲೆ ಡೆಸರ್ಟಿನ ಮೆನು ಬೇರೆಯಾಗಿ ಕೈಗೆ ಬರುವ ಹೊತ್ತಿಗೆ ಅರ್ಧ ಜನಕ್ಕೆ ಆಕಳಿಕೆ.

ಹಡಗಿನಲ್ಲಿ ಸಿಹಿಯನ್ನು ಅಂತಸ್ತಿಗೆ ಕಟ್ಟಿಹಾಕಿದ್ದು ಹಳೆಯ ಕಥೆ. 1912ರ ಏಪ್ರಿಲ್ 14ರ ಟೈಟಾನಿಕ್ ಮೆನುಗಳು ಇವತ್ತಿಗೂ ಓದಲು ಸಿಗುತ್ತವೆ. ಅವತ್ತು ರಾತ್ರಿ ಒಂದನೇ ದರ್ಜೆಯವರಿಗೆ ವಾಲ್ಡಾರ್ಫ್ ಪುಡಿಂಗ್, ಶಾರ್ತ್ರೂಸ್ ಮದ್ಯದ ಜೆಲ್ಲಿಯಲ್ಲಿ ಪೀಚ್ ಹಣ್ಣು, ಚಾಕೊಲೇಟ್ ಮತ್ತು ವೆನಿಲಾ ಎಕ್ಲೇರ್, ಫ್ರೆಂಚ್ ಐಸ್‌ಕ್ರೀಮ್. ಎರಡನೇ ದರ್ಜೆಗೆ ಪ್ಲಮ್ ಪುಡಿಂಗ್, ವೈನ್ ಜೆಲ್ಲಿ, ಕೊಬ್ಬರಿಯ ಒಂದು ತಿನಿಸು, ಅಮೆರಿಕನ್ ಐಸ್‌ಕ್ರೀಮ್. ಮೂರನೇ ದರ್ಜೆಯವರಿಗೆ ಮಧ್ಯಾಹ್ನದ ಊಟದಲ್ಲೇ ಪ್ಲಮ್ ಪುಡಿಂಗ್ ಆಗಿಹೋಗಿತ್ತು. ಸಂಜೆಯ ಟೀ ಹೊತ್ತಿಗೆ ಬೇಯಿಸಿದ ಅಂಜೂರ ಮತ್ತು ಅನ್ನ. ಎರಡನೇ, ಮೂರನೇ ದರ್ಜೆಗಳ ನಡುವಿನ ಗೋಡೆ ದಾಟಿದ್ದು ಪ್ಲಮ್ ಪುಡಿಂಗ್ ಒಂದೇ ನೋಡಿ. ಐಸ್‌ಕ್ರೀಮಿಗೆ ಮೂರನೇ ದರ್ಜೆಯ ಮೆಟ್ಟಿಲು ಇಳಿಯಲು ಅನುಮತಿ ಇರಲಿಲ್ಲ.

ಶ್ರೀಮಂತರಿಗೂ ದೊಡ್ಡ ಹಾಲ್‌ನ ಕಟ್ಟುಪಾಡು ಬೇಸರ ತರಿಸಿತ್ತು. 1905ರಲ್ಲಿ ಹ್ಯಾಂಬರ್ಗ್-ಅಮೆರಿಕ ಕಂಪನಿ ತನ್ನ ‘ಅಮೆರಿಕ’ ಹಡಗಿನಲ್ಲಿ ರಿಟ್ಜ್-ಕಾರ್ಲ್ಟನ್ ಹೆಸರಿನ ಬೇರೆಯದೇ ರೆಸ್ಟೋರೆಂಟ್ ತೆರೆಯಿತು. ಎಲ್ಲರೂ ಒಂದೇ ಹೊತ್ತಿಗೆ, ಗೊತ್ತುಮಾಡಿದ ಮೇಜಿನಲ್ಲಿ, ಗೊತ್ತುಮಾಡಿದ್ದನ್ನು ಉಣ್ಣುವ ಕ್ರಮ ಬಿಟ್ಟು, ಬೇಕಾದಾಗ ಬಂದು ಬೇಕಾದ್ದನ್ನು ದುಡ್ಡು ಕೊಟ್ಟು ತಿನ್ನುವ ಏರ್ಪಾಡು. ಆ ರೆಸ್ಟೋರೆಂಟಿನ ಹಿಂದೆ ಇದ್ದದ್ದು ಒಗಸ್ಟ್ ಎಸ್ಕೋಫಿಯೆ. ಗಾಯಕಿ ನೆಲ್ಲಿ ಮೆಲ್ಬಾ ಹೆಸರಲ್ಲಿ ಪೀಚ್ ಮೆಲ್ಬಾ ಮಾಡಿದ ಅದೇ ಅಡುಗೆ ಭಟ್ಟ. ಟೈಟಾನಿಕ್‌ನಲ್ಲೂ ಅಂಥದೊಂದು ಇತ್ತು, ಲುಯಿಜಿ ಗಾಟಿ ನಡೆಸುತ್ತಿದ್ದದ್ದು. 1936ರ ಕ್ವೀನ್ ಮೇರಿಯಲ್ಲಿ ವೆರಾಂಡಾ ಗ್ರಿಲ್ ಬಂತು. ಹಾಲ್‌ನಿಂದ ತಪ್ಪಿಸಿಕೊಳ್ಳುವ ದಾರಿ ನೂರು ವರ್ಷದಿಂದ ಇದೆ; ಆಗ ಅದಕ್ಕೆ ದುಡ್ಡು ಬೇಕಿತ್ತು ಅಷ್ಟೆ.

ದುಡ್ಡಿಲ್ಲದೆ ತಪ್ಪಿಸಿಕೊಳ್ಳುವ ದಾರಿಯನ್ನು ದೊಡ್ಡ ಮಟ್ಟದಲ್ಲಿ ತೆರೆದದ್ದು ನಾರ್ವೇಜಿಯನ್ ಎಂಬ ಕ್ರೂಸ್ ಕಂಪನಿ, 2000ದಲ್ಲಿ, ‘ಫ್ರೀಸ್ಟೈಲ್’ ಎಂಬ ಹೆಸರಲ್ಲಿ. ಗೊತ್ತಾದ ಮೇಜಿಲ್ಲ, ಗೊತ್ತಾದ ಹೊತ್ತಿಲ್ಲ, ಸೂಟು ಕಡ್ಡಾಯವಿಲ್ಲ. ಸೆಲೆಬ್ರಿಟಿ ಕಂಪನಿ 2015ರ ಹೊತ್ತಿಗೆ ಫಾರ್ಮಲ್ ರಾತ್ರಿಯನ್ನು ‘ಈವ್ನಿಂಗ್ ಶಿಕ್’ ಎಂದು ಸಡಿಲಿಸಿತು. ವೈಕಿಂಗ್‌ನ ಸಮುದ್ರದ ಹಡಗುಗಳಲ್ಲಿ, ವರ್ಜಿನ್ ವಾಯೇಜಸ್‌ನಲ್ಲಿ ಅಂಥ ರಾತ್ರಿಯೇ ಇಲ್ಲ. ಕ್ವೀನ್ ಮೇರಿ 2ರ ಕಂಪನಿ ಕ್ಯುನಾರ್ಡ್ ಮಾತ್ರ ಹಳೆಯ ಜಂಬವನ್ನು ಬಿಟ್ಟಿಲ್ಲ. ಬಿಡಬಾರದು ಅಂತಲೇ ನನ್ನ ಅಭಿಪ್ರಾಯ. ಆ ಜಂಬ ನೋಡಲಿಕ್ಕೇ ಜನ ಆ ಹಡಗು ಹತ್ತುತ್ತಾರೆ.

ಇನ್ನು ಸಿಹಿ ಹಡಗಿನೊಳಗೆ ಹೇಗೆ ಓಡಾಡುತ್ತದೆ ಎಂಬುದನ್ನು ನೋಡಬೇಕು. ಅದು ತಿಳಿಯದೆ ಕೇಳಿದರೆ ಕೇಳಿದ್ದು ಸಿಗುವುದಿಲ್ಲ.

ಹಡಗಿನ ಅಡುಗೆಮನೆಗೆ ಗ್ಯಾಲಿ ಎನ್ನುತ್ತಾರೆ. ಮುಖ್ಯ ಗ್ಯಾಲಿ ಸಾಮಾನ್ಯವಾಗಿ ಮುಖ್ಯ ಡೈನಿಂಗ್ ರೂಮಿಗೆ ಅಂಟಿಕೊಂಡು ಕೆಳಗಿನ ಡೆಕ್ಕುಗಳಲ್ಲಿರುತ್ತದೆ. ಬಫೆ ಮೇಲೆ, ಈಜುಕೊಳದ ಹತ್ತಿರ. ಪೇಸ್ಟ್ರಿ ವಿಭಾಗಕ್ಕೆ ಅದರದೇ ಶ್ರೇಣಿ: ಕೆಳಗೆ ಕಮಿ, ಆಮೇಲೆ ಡೆಮಿ ಶೆಫ್, ಶೆಫ್ ದ ಪಾರ್ಟಿ, ಸೂ ಶೆಫ್, ಎಲ್ಲರ ಮೇಲೆ ಎಕ್ಸಿಕ್ಯುಟಿವ್ ಪೇಸ್ಟ್ರಿ ಶೆಫ್. ಬೇಕರಿ ರಾತ್ರಿಯಿಡೀ ನಡೆಯುತ್ತದೆ. ಕ್ವೀನ್ ಮೇರಿ 2ರಲ್ಲಿ ಪ್ರಯಾಣಿಕರೇ 2,691 ಮಂದಿ. 2024ರ ಜನವರಿಯಲ್ಲಿ ಹೊರಟ ಐಕಾನ್ ಆಫ್ ದಿ ಸೀಸ್‌ನಲ್ಲಿ ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610. ಇಷ್ಟು ಜನಕ್ಕೆ ಬಫೆಗೊಂದು ಪಾಕ, ಡೈನಿಂಗ್ ರೂಮಿಗೊಂದು ಪಾಕ ಎಂದು ಪೂರಾ ಬೇರೆ ಬೇರೆ ಮಾಡುವುದು ಹುಚ್ಚುತನ. ಚೀಸ್‌ಕೇಕ್, ಟಾರ್ಟ್, ಮೂಸ್, ಬ್ರೌನಿ ಇವೆಲ್ಲ ಬಹುಪಾಲು ಒಂದೇ ಕೈಗಳಲ್ಲಿ ಹುಟ್ಟುತ್ತವೆ. ಕೆಳಗೆ ಹೋಗುವುದಕ್ಕೆ ಒಂದು ಚಮಚ ಸಾಸು, ಸಕ್ಕರೆಯ ಜಾಲರಿ, ಪುದೀನ ಎಲೆ ಸೇರುತ್ತದೆ. ಮೇಲೆ ಹೋಗುವುದು ಚಿಕ್ಕ ಚಿಕ್ಕ ಚೌಕಗಳಾಗಿ ಟ್ರೇಯಲ್ಲಿ ಸಾಲುಗಟ್ಟಿ ನಿಲ್ಲುತ್ತದೆ. ಸಿಬ್ಬಂದಿ ಓಡಾಡಲು ಹಡಗಿನ ಉದ್ದಕ್ಕೂ ಒಂದು ಕಾರಿಡಾರ್ ಇರುತ್ತದೆ. ಬ್ರಿಟಿಷ್ ಹಡಗಿನವರು ಅದನ್ನು ಬರ್ಮಾ ರೋಡ್ ಎನ್ನುತ್ತಾರೆ, ಅಮೆರಿಕದ ಕಡೆಯವರು ತಮ್ಮ ಹೆದ್ದಾರಿಯ ಹೆಸರಿಟ್ಟು ಐ-95 ಎನ್ನುತ್ತಾರೆ. ಆ ದಾರಿ, ಸರ್ವಿಸ್ ಲಿಫ್ಟು, ಮೇಲಿನ ಪ್ಯಾಂಟ್ರಿ ಇವಿಷ್ಟನ್ನೂ ದಾಟಿ ರೂಪ ಕೆಡದೆ ಉಳಿಯುವ ಸಿಹಿ ಯಾವುದು ಎನ್ನುವುದೇ ಇಲ್ಲಿ ಪ್ರಶ್ನೆ.

ಚೀಸ್‌ಕೇಕ್ ಉಳಿಯುತ್ತದೆ. ತಿರಮಿಸು ಇನ್ನೂ ಚೆನ್ನಾಗಿ ಉಳಿಯುತ್ತದೆ, ಇಟ್ಟಷ್ಟೂ ರುಚಿ. ಪ್ರಿನ್ಸೆಸ್ ಹಡಗುಗಳ ‘ಲವ್ ಬೋಟ್ ಡ್ರೀಮ್’, ಅಂದರೆ ಹೃದಯದಾಕಾರದ ಚಾಕೊಲೇಟ್ ಮೂಸ್, ಎಷ್ಟು ಡೆಕ್ಕು ಬೇಕಾದರೂ ಹತ್ತೀತು. 1977ರಲ್ಲಿ ಶುರುವಾದ ‘ದ ಲವ್ ಬೋಟ್’ ಟಿವಿ ಧಾರಾವಾಹಿಯಲ್ಲಿ ಆ ಕಂಪನಿಯ ಹಡಗು ಮೆರೆದಿತ್ತು, ಅದರ ನೆನಪಿಗೆ ಈ ಹೆಸರು. ಕಾರ್ನಿವಲ್‌ನ ಬಿಸಿ ಚಾಕೊಲೇಟ್ ಮೆಲ್ಟಿಂಗ್ ಕೇಕ್ ನಡುವಿನ ಜಾತಿ: ಒಳಗೆ ದ್ರವ, ಹೊರಗೆ ಕೇಕು, ಹತ್ತು ನಿಮಿಷ ಕೂತರೆ ಒಳಗಿನ ದ್ರವವೂ ಗಟ್ಟಿ. ಸೂಫ್ಲೆ ಮಾತ್ರ ಯಾರ ಮಾತೂ ಕೇಳುವುದಿಲ್ಲ. ಮೊಟ್ಟೆಯ ಬಿಳಿ ನೊರೆಯೊಳಗೆ ಸಿಕ್ಕಿಕೊಂಡ ಗಾಳಿ ಒಲೆಯ ಶಾಖಕ್ಕೆ ಹಿಗ್ಗಿ ಮೇಲೆದ್ದಿರುತ್ತದೆ. ಒಲೆಯಿಂದ ತೆಗೆದ ಕ್ಷಣದಿಂದ ಆ ಗಾಳಿ ತಣ್ಣಗಾಗುತ್ತ ಕುಗ್ಗುತ್ತದೆ. ವೇಟರ್ ಓಡಿಕೊಂಡೇ ಬಂದು ಮೇಜಿಗಿಟ್ಟು, ನಡುವೆ ಚಮಚದಿಂದ ತೂತು ಮಾಡಿ ಬೆಚ್ಚನೆಯ ಸಾಸು ಹುಯ್ಯುವುದು ಅದಕ್ಕೇ. ಲಿಫ್ಟಿಗೆ ಕಾಯುವ ಸೂಫ್ಲೆ ಬಫೆ ತಲುಪುವಾಗ ಸಿಹಿ ಆಮ್ಲೆಟ್ ಆಗಿರುತ್ತದೆ.

ಬೇಕ್ಡ್ ಅಲಾಸ್ಕಾದ ಕಥೆಯೇ ಬೇರೆ. ಅಡಿಗೆ ಕೇಕು, ಮೇಲೆ ಗಟ್ಟಿ ಐಸ್‌ಕ್ರೀಮ್, ಅದರ ಸುತ್ತ ಸಕ್ಕರೆ ಹಾಕಿ ಕಡೆದ ಮೊಟ್ಟೆಯ ಬಿಳಿಯ ದಪ್ಪ ಹೊದಿಕೆ. ಬಿಸಿ ಒಲೆಗೆ ಸ್ವಲ್ಪ ಹೊತ್ತು ತಳ್ಳಿದರೆ ಹೊದಿಕೆ ಕಂದುತ್ತದೆ, ಒಳಗಿನ ಐಸ್‌ಕ್ರೀಮ್ ಕರಗುವುದಿಲ್ಲ. ನೊರೆಯೊಳಗಿನ ಗಾಳಿ ಶಾಖವನ್ನು ಒಳಗೆ ಬಿಡದೆ ತಡೆಯುತ್ತದೆ. ನ್ಯೂಯಾರ್ಕಿನ ಡೆಲ್ಮೊನಿಕೋಸ್ ಹೋಟೆಲಿನ ಶೆಫ್ ಶಾರ್ಲ್ ರಾನ್‌ಹೋಫರ್ 1894ರ ತನ್ನ ದಪ್ಪ ಪುಸ್ತಕದಲ್ಲಿ ಇದನ್ನು ‘ಅಲಾಸ್ಕಾ, ಫ್ಲಾರಿಡಾ’ ಎಂದು ಬರೆದಿದ್ದಾನೆ, ಒಂದೇ ತಟ್ಟೆಯಲ್ಲಿ ಅಮೆರಿಕದ ಚಳಿಯ ತುದಿಯೂ ಸೆಕೆಯ ತುದಿಯೂ. ಕ್ರೂಸ್ ಹಡಗುಗಳಲ್ಲಿ ಇದೊಂದು ಮೆರವಣಿಗೆಯ ವಸ್ತುವಾಯಿತು. ದೀಪ ಆರಿಸಿ, ಹಾಡು ಹಾಕಿ, ವೇಟರ್‌ಗಳೆಲ್ಲ ಉರಿಯುವ ಬೇಕ್ಡ್ ಅಲಾಸ್ಕಾ ಹೊತ್ತು ಮೇಜುಗಳ ನಡುವೆ ಕುಣಿಯುತ್ತ ಬರುವುದು, ಜನ ನ್ಯಾಪ್‌ಕಿನ್ ಬೀಸುವುದು. ಹಡಗಿನವರು ಬೆಂಕಿಗೆ ಹೆದರುವಷ್ಟು ಬಿರುಗಾಳಿಗೂ ಹೆದರುವುದಿಲ್ಲ. 1934ರಲ್ಲಿ ನ್ಯೂಜೆರ್ಸಿಯ ಕರಾವಳಿಯಲ್ಲಿ ಹೊತ್ತಿ ಉರಿದ ಮಾರೋ ಕ್ಯಾಸಲ್ ಹಡಗು 137 ಜನರನ್ನು ಬಲಿ ತೆಗೆದುಕೊಂಡಿತ್ತು. ಹಾಗಾಗಿ ಉರಿಯುವ ಜಾಗದಲ್ಲಿ ಈಗ ಬ್ಯಾಟರಿ ಮೋಂಬತ್ತಿ. ಮೆರವಣಿಗೆಯೂ ಅನೇಕ ಕಡೆ ನಿಂತಿದೆ. ನಿಜ ಹೇಳಬೇಕೆಂದರೆ ಬೇಕ್ಡ್ ಅಲಾಸ್ಕಾದಲ್ಲಿ ರುಚಿಗಿಂತ ಗದ್ದಲವೇ ಹೆಚ್ಚು. ಗದ್ದಲ ಬಿಟ್ಟು ತಟ್ಟೆಯೊಂದನ್ನೇ ಮೇಲೆ ತರಿಸಿಕೊಂಡರೆ ನಿಮಗೆ ಸಿಗುವುದು ಕೇಕು ಮತ್ತು ಐಸ್‌ಕ್ರೀಮ್.

ಹೇಗೆ ಕೇಳಬೇಕು? ರಾತ್ರಿ ಎಂಟೂಕಾಲಿಗೆ, ಎರಡನೇ ಪಂಕ್ತಿ ಕೂರುವ ಹೊತ್ತಿಗೆ ಬಫೆಯ ಹುಡುಗನನ್ನು ತಡೆದು ‘ಕೆಳಗಿಂದ ಒಂದು ತಂದುಕೊಡು’ ಅನ್ನುವುದು ಸರಿಯಲ್ಲ. ಅವನ ಮೇಲೆ ಆಗ ಹತ್ತಾರು ಮೇಜು ತೆಗೆಯುವ ಕೆಲಸ ಇರುತ್ತದೆ. ಡೈನಿಂಗ್ ರೂಮಿನ ವೇಟರ್‌ಗೆ ಇಪ್ಪತ್ತಕ್ಕೂ ಹೆಚ್ಚು ಜನರ ಆರ್ಡರು. ಮೊದಲು ಬಫೆಯನ್ನೇ ಒಮ್ಮೆ ಸುತ್ತಿ ಬನ್ನಿ. ಹಾಲೆಂಡ್ ಅಮೆರಿಕ ಹಡಗುಗಳ ಲಿಡೊ ಎಂಬ ಬಫೆಯಲ್ಲಿ ಡೈನಿಂಗ್ ರೂಮಿನ ಕೆಲವು ತಿನಿಸುಗಳು ಅದೇ ರಾತ್ರಿ ಸಿಗುತ್ತವೆ. ಬೇರೆ ಕಡೆಯೂ ನೀವು ಹುಡುಕುವ ಕೇಕು ಅಲಂಕಾರ ಕಳಚಿ ಅಲ್ಲೇ ಟ್ರೇಯಲ್ಲಿ ಕೂತಿರಬಹುದು. ಇಲ್ಲದಿದ್ದರೆ ಬಫೆಯ ಮೇಲ್ವಿಚಾರಕ, ಅಂದರೆ ಕೋಟು ಹಾಕಿ ಕೈಯಲ್ಲಿ ಏನೂ ಹಿಡಿಯದೆ ನಿಂತಿರುವವ, ಅವನನ್ನು ಕೇಳಬೇಕು. ಇನ್ನೂ ಒಳ್ಳೆಯದು ಹಿಂದಿನ ರಾತ್ರಿಯೇ ಡೈನಿಂಗ್ ರೂಮಿನ ಹೆಡ್ ವೇಟರ್‌ಗೆ ಹೇಳಿಡುವುದು. ‘ನಾಳೆ ನಾವು ಬರುವುದಿಲ್ಲ, ಅಮ್ಮನಿಗೆ ಆ ಚಾಕೊಲೇಟ್ ತಿನಿಸು ಬೇಕಿತ್ತು’ ಎಂದರೆ ಸಾಕು. ಆಗುವುದಾದರೆ ದಾರಿ ಅವನೇ ಹೇಳುತ್ತಾನೆ: ಇಂಥ ಹೊತ್ತಿಗೆ ಬಾಗಿಲ ಹತ್ತಿರ ಬನ್ನಿ, ಅಥವಾ ಮೇಲೆ ಕಳಿಸುತ್ತೇನೆ, ಅಥವಾ ರೂಮ್ ಸರ್ವಿಸ್‌ಗೆ ಹೇಳಿ. ರೂಮ್ ಸರ್ವಿಸ್‌ಗೆ ಈಗ ಅನೇಕ ಕಂಪನಿಗಳು ಬೇರೆ ಶುಲ್ಕ ಹಾಕುತ್ತವೆ, ಮೊದಲೇ ಕೇಳಿಕೊಳ್ಳಿ. ಆಗದು ಅಂದರೆ ಜಗಳಕ್ಕೆ ಬೀಳಬೇಡಿ. ತಂದುಕೊಟ್ಟವನ ಕೈಗೆ ಒಂದೆರಡು ಡಾಲರ್ ಇಡಿ. ದಿನದ ಗ್ರ್ಯಾಚುಯಿಟಿ, ಅಂದರೆ ಬಿಲ್ಲಿಗೇ ಸೇರಿಸುವ ಟಿಪ್ಸು, ಎಲ್ಲರಿಗೂ ಹಂಚಿಹೋಗುತ್ತದೆ.

ನಮ್ಮವರಿಗೆ ಬಟ್ಟೆಗಿಂತ ದೊಡ್ಡ ಅಡ್ಡಿ ಮೊಟ್ಟೆ. ಕೆರಿಬಿಯನ್ ಕಡೆ ಹೋಗುವ ಹಡಗೊಂದರಲ್ಲಿ ಚಿಕ್ಕಮ್ಮನನ್ನು ಬಫೆಯಲ್ಲಿ ಕೂರಿಸಿ ನಾನು ಮೊಸರು ಹುಡುಕುತ್ತಿದ್ದೆ. ವಾಪಸು ಬರುವಾಗ ತಟ್ಟೆ ಎತ್ತುವ ಹುಡುಗ ಅವರೊಡನೆ ಮಾತಿಗೆ ನಿಂತಿದ್ದ.

“ಕೆಳಗಡೆ ಇವತ್ತು ಏನೋ ವಿಶೇಷ ಸ್ವೀಟ್ ಅಂತಲ್ಲಪ್ಪ, ಅದು ಇಲ್ಲಿ ಸಿಗಲ್ವಾ?”

“ಸೂಫ್ಲೆಯಾ ಆಂಟಿ? ಅದು ಇಲ್ಲಿಗೆ ಬರುವಾಗ ಕೂತು ಹೋಗ್ತದೆ, ತಿಂದು ಪ್ರಯೋಜನ ಇಲ್ಲ. ಮತ್ತೆ ಅದ್ರಲ್ಲಿ ಮೊಟ್ಟೆ ಉಂಟು. ನೀವು ಮೊಟ್ಟೆ ತಿಂತೀರಾ?”

“ಅಯ್ಯೋ, ಇಲ್ಲಪ್ಪ.”

“ಹಾಗಾದ್ರೆ ನಾಳೆಗೆ ಹೇಳಿ ಇಡ್ತೇನೆ. ಪೇಸ್ಟ್ರಿಯವ್ರಿಗೆ ಮೊದಲೇ ಗೊತ್ತಾಗ್ಬೇಕು. ಈಗ ಕೇಳಿದ್ರೆ ಹಣ್ಣು ಕತ್ತರಿಸಿ ಕೊಡ್ತಾರೆ, ಅಷ್ಟೆ.”

ಮೂಡುಬಿದಿರೆ ಕಡೆಯ ಹುಡುಗ. ಮಂಗಳೂರು, ಉಡುಪಿ, ಗೋವಾ ಕಡೆಯಿಂದ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹಡಗು ಸೇರಿದವರು ಇಂಥ ಹಡಗುಗಳಲ್ಲಿ ಅಲ್ಲಲ್ಲಿ ಸಿಗುತ್ತಾರೆ. ಆರರಿಂದ ಒಂಬತ್ತು ತಿಂಗಳ ಕಾಂಟ್ರಾಕ್ಟು, ನಡುವೆ ವಾರದ ರಜೆ ಎಂಬುದಿಲ್ಲ. ಮರುದಿನ ಸಂಜೆ ಚಿಕ್ಕಮ್ಮನ ಮುಂದೆ ಮೊಟ್ಟೆಯಿಲ್ಲದ ಚಾಕೊಲೇಟ್ ಕೇಕು, ಪಕ್ಕದಲ್ಲಿ ಪುಟ್ಟ ಜಗ್ಗಿನಲ್ಲಿ ಬಿಸಿ ಸಾಸು. ಅವತ್ತು ಕೆಳಗೆ ಕೂತವರಿಗೆ ಆ ಕೇಕು ಇರಲಿಲ್ಲ.

ಮೊದಲೇ ಗೊತ್ತಾಗಬೇಕು ಎಂದು ಅವನು ಹೇಳಿದ ಮಾತೇ ಇದರ ಗುಟ್ಟು. ಪಥ್ಯದವರಿಗೆ, ಅಲರ್ಜಿಯವರಿಗೆ, ಸಸ್ಯಾಹಾರಿಗಳಿಗೆ ಹೆಡ್ ವೇಟರ್ ನಾಳೆಯ ಮೆನುವನ್ನು ಇವತ್ತೇ ತಂದು ತೋರಿಸುವ ರೂಢಿ ಅನೇಕ ಹಡಗುಗಳಲ್ಲಿದೆ. ಟಿಕೆಟ್ ಮಾಡುವಾಗಲೇ ‘ವೆಜಿಟೇರಿಯನ್, ಮೊಟ್ಟೆ ಬೇಡ’ ಎಂದು ಬರೆಸಿ, ಹತ್ತಿದ ದಿನ ಇನ್ನೊಮ್ಮೆ ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರ ಲೆಕ್ಕದಲ್ಲಿ ವೆಜಿಟೇರಿಯನ್ ಅಂದರೆ ಮಾಂಸವಿಲ್ಲ ಎಂದಷ್ಟೇ. ಮೊಟ್ಟೆ ಒಳಗೇ ಇರುತ್ತದೆ. ಕ್ರೆಂ ಬ್ರೂಲೆ, ಕಸ್ಟರ್ಡ್, ಮೆರಾಂಗ್ ಎಲ್ಲ ಮೊಟ್ಟೆಯವೇ. ಕೆನೆ ಕೆನೆಯಾದ ಫ್ರೆಂಚ್ ಶೈಲಿಯ ಐಸ್‌ಕ್ರೀಮಿಗೂ ಮೊಟ್ಟೆಯ ಹಳದಿ ಬೀಳುತ್ತದೆ. ಮೊಟ್ಟೆಯಿಲ್ಲದ ಪನ್ನಾಕೋಟಾ ನೋಡಿ ಖುಷಿಪಟ್ಟರೆ ಅದು ನಿಂತಿರುವುದು ಜೆಲಟಿನ್ ಮೇಲೆ, ಅಂದರೆ ಪ್ರಾಣಿಯ ಚರ್ಮ ಮೂಳೆಯಿಂದ ತೆಗೆದ ಅಂಟಿನ ಮೇಲೆ. ಕೆಲವು ಮೂಸ್‌ಗಳಿಗೂ, ಒಲೆಗೆ ಇಡದ ಚೀಸ್‌ಕೇಕ್‌ಗಳಿಗೂ ಇದೇ ಆಧಾರ. ಎದುರಿನ ಚೀಟಿ ಓದಿ ಸುಮ್ಮನಾಗಬೇಡಿ, ಕೇಳಿ.

ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೆಲಿಯಾ ಕಂಪನಿಯ ಕ್ರೂಸ್‌ನಲ್ಲಿ ಈ ತಲೆನೋವು ಕಡಿಮೆ. 2021ರಲ್ಲಿ ಶುರುವಾದ ಅದರ ಎಂಪ್ರೆಸ್ ಹಡಗಿನಲ್ಲಿ ಜೈನರ ಅಡುಗೆಯೂ ಇದೆ.

ಫಾರ್ಮಲ್ ಊಟ ಬಿಟ್ಟವರು ಮರೆಯಬಾರದ ಇನ್ನೊಂದು ಹೊತ್ತು ಮಧ್ಯಾಹ್ನದ್ದು. ಕ್ವೀನ್ ಮೇರಿ 2ರ ಕ್ವೀನ್ಸ್ ರೂಮಿನಲ್ಲಿ ಮಧ್ಯಾಹ್ನ ಮೂರೂವರೆಗೆ ಟೀ. ಬಿಳಿ ಕೈಗವಸು ಹಾಕಿದ ವೇಟರ್‌ಗಳು ಸಾಲಾಗಿ ಬಂದು ಸ್ಯಾಂಡ್‌ವಿಚ್, ಸ್ಕೋನು, ಅದಕ್ಕೆ ಹಚ್ಚಲು ಗಟ್ಟಿ ಕೆನೆ ಮತ್ತು ಜ್ಯಾಮ್, ಆಮೇಲೆ ಬಣ್ಣ ಬಣ್ಣದ ಪುಟ್ಟ ಕೇಕುಗಳನ್ನು ಮೇಜಿನಿಂದ ಮೇಜಿಗೆ ಹಿಡಿಯುತ್ತಾರೆ. ವಾದ್ಯದವರು ಪಕ್ಕದಲ್ಲಿ ನುಡಿಸುತ್ತಿರುತ್ತಾರೆ. ರಾತ್ರಿಯ ಗತ್ತೆಲ್ಲ ಇಲ್ಲೂ ಇದೆ, ಸೂಟು ಬೇಕಿಲ್ಲ, ದುಡ್ಡೂ ಬೇಕಿಲ್ಲ. ನನ್ನನ್ನು ಕೇಳಿದರೆ ಆ ಹಡಗಿನ ಒಳ್ಳೆಯ ಸಿಹಿ ಇರುವುದು ಈ ಹೊತ್ತಿನಲ್ಲೇ. ಪ್ರಿನ್ಸೆಸ್‌ನ ಇಂಟರ್‌ನ್ಯಾಷನಲ್ ಕೆಫೆ, ರಾಯಲ್ ಕೆರಿಬಿಯನ್‌ನ ಕೆಫೆ ಪ್ರೊಮೆನೇಡ್, ಸೆಲೆಬ್ರಿಟಿಯ ಕೆಫೆ ಅಲ್ ಬಾಚೋ ಇಲ್ಲೆಲ್ಲ ಕಾಫಿಗೆ ದುಡ್ಡು ಕೊಡಬೇಕಾಗಬಹುದು, ಗಾಜಿನ ಪೆಟ್ಟಿಗೆಯಲ್ಲಿರುವ ಪೇಸ್ಟ್ರಿಗೆ ಬೇಡ. ಒಂದು ಕಾಲಕ್ಕೆ ಐಸ್ ಶಿಲ್ಪಗಳ ನಡುವೆ ನಡುರಾತ್ರಿಯ ಚಾಕೊಲೇಟ್ ಬಫೆ ಇಡುತ್ತಿದ್ದರು. ಖರ್ಚು, ಪೋಲು ಎರಡೂ ಹೆಚ್ಚಾಗಿ ಬಹಳಷ್ಟು ಕಡೆ ಎತ್ತಿಬಿಟ್ಟಿದ್ದಾರೆ.

ಸಿಕ್ಕಿತಲ್ಲ ಎಂದು ನಾಲ್ಕು ತಟ್ಟೆ ಒಯ್ದು ಕ್ಯಾಬಿನ್ನಿನಲ್ಲಿ ಮುಚ್ಚಿಡುವವರೂ ಇದ್ದಾರೆ. ಅದು ಹೊಟ್ಟೆಗೆ ಒಳ್ಳೆಯದಲ್ಲ. ಅಮೆರಿಕಕ್ಕೆ ಬರುವ ಹಡಗುಗಳ ಅಡುಗೆಮನೆಯನ್ನು ಅಲ್ಲಿಯ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ 1970ರ ದಶಕದಿಂದ ತಪಾಸಣೆ ಮಾಡುತ್ತಿದೆ; ನೂರಕ್ಕೆ 86 ಬಂದರೆ ಪಾಸು, 85 ಬಂದರೆ ಫೇಲು. ತಂಪಿನಿಂದ ಹೊರಗೆ ತೆಗೆದಿಟ್ಟ ಬಫೆಯ ಕ್ರೀಮ್ ತಿನಿಸಿಗೆ ಗಡಿಯಾರದ ಲೆಕ್ಕ, ನಾಲ್ಕು ಗಂಟೆ ಆದರೆ ಬಿಸಾಡಬೇಕು. ಕ್ಯಾಬಿನ್ನಿನ ಪುಟ್ಟ ಕೂಲರ್ ನೀರಿನ ಬಾಟಲಿಗೆ ಸರಿ, ಕ್ರೀಮಿಗೆ ಸಾಲದು. ಒಣ ಕುಕಿ, ಬ್ರೌನಿ ಒಯ್ಯಿರಿ. ಮಿಕ್ಕಿದ್ದನ್ನು ಅಲ್ಲೇ ತಿಂದು ಬನ್ನಿ.

ಇಷ್ಟೆಲ್ಲ ಆದಮೇಲೂ ಸೂಫ್ಲೆಯೇ ಬೇಕು ಅನ್ನುವವರು ಕೆಳಗೆ ಇಳಿಯಲೇಬೇಕು. ಅವರಿಗೂ ಸೂಟು ಹೊಲಿಸುವ ತಾಪತ್ರಯ ಇಲ್ಲ. ಕ್ಯುನಾರ್ಡ್‌ನ ಗಾಲಾ ರಾತ್ರಿಗೂ ಆಯಾ ದೇಶದ ಸಾಂಪ್ರದಾಯಿಕ ಉಡುಗೆ ನಡೆಯುತ್ತದೆ. ಮೈಸೂರು ಸಿಲ್ಕ್ ಉಟ್ಟು ಹೋದ ಅಮ್ಮನಿಗೆ ಗೌನಿನವರೇ ಎದ್ದು ದಾರಿ ಬಿಡುತ್ತಾರೆ, ಅಪ್ಪನಿಗೆ ಬಂದ್‌ಗಲಾ ಕೋಟು ಸಾಕು. ಅದೂ ಬೇಡ ಅನ್ನುವವರು ಕೊನೆಯ ರಾತ್ರಿಗೆ ಕಾಯಬಹುದು. ಬೆಳಗ್ಗೆ ಇಳಿಯುವವರ ಸೂಟ್‌ಕೇಸುಗಳನ್ನೆಲ್ಲ ಅವತ್ತು ರಾತ್ರಿಯೇ ಕ್ಯಾಬಿನ್ನಿನ ಹೊರಗೆ ಇಡಬೇಕಾದ್ದರಿಂದ ಒಳ್ಳೆಯ ಬಟ್ಟೆಯೆಲ್ಲ ಪೆಟ್ಟಿಗೆ ಸೇರಿರುತ್ತದೆ. ಬಹುತೇಕ ಹಡಗುಗಳಲ್ಲಿ ಆ ರಾತ್ರಿ ಸಾದಾ ಬಟ್ಟೆಯಲ್ಲೇ ಡೈನಿಂಗ್ ರೂಮಿಗೆ ಬಿಡುತ್ತಾರೆ. ಅದೇ ಮೇಜು, ಅದೇ ವೇಟರ್. ಮೆನುವಿನಲ್ಲಿ ಏನಿದೆ, ಯಾವುದರಲ್ಲಿ ಮೊಟ್ಟೆ ಇಲ್ಲ ಎಂದು ಹಿಂದಿನ ರಾತ್ರಿ ವಿಚಾರಿಸಿಟ್ಟು, ಸ್ಟಾರ್ಟರ್ ಬಿಟ್ಟು ನೇರ ಡೆಸರ್ಟ್ ಕೇಳಿದರೂ ತರುತ್ತಾರೆ; ಎರಡು ಕೇಳಿದರೂ ಬೇಸರಿಸುವುದಿಲ್ಲ.